ಲೀಡ್ಸ್ ಪಡೆಯಲ್ಲಿದ್ದ ಬಂಗಾಳಿ ಸಿಪಾಯಿ: ಜೋಗೇಂದ್ರನಾಥ ಸೇನ್ ಅವರನ್ನು ನೆನೆಯುವುದು ಹೇಗೆ?

ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗೆ ಸಿಗುವ ಮೊದಲ ಬಡ್ತಿ ಅಂದ್ರೆ ಲ್ಯಾನ್ಸ್ ಕಾರ್ಪೊರಲ್. ತೋಳಿನ ಮೇಲೆ ಒಂದೇ ಒಂದು ಪಟ್ಟಿ, ಕೈಕೆಳಗೆ ನಾಲ್ಕಾರು ಜನ, ಅಷ್ಟೇ. ಎಂಜಿನಿಯರಿಂಗ್ ಪದವಿ ಪಡೆದಿದ್ದ, ಏಳು ಭಾಷೆ ಬರುತ್ತಿದ್ದ ಒಬ್ಬ ಸಿಪಾಯಿಗೆ ಆ ಒಂದು ಪಟ್ಟಿಯೂ ಸಿಗಲಿಲ್ಲ. ಕಾರಣ ಮೈಬಣ್ಣ. ಅವರ ಹೆಸರು ಜೋಗೇಂದ್ರನಾಥ ಸೇನ್. ಬಂಗಾಳದ ಚಂದನ್‌ನಗರದವರು. ಸತ್ತದ್ದು 1916ರ ಮೇ 22ರ ರಾತ್ರಿ, ಫ್ರಾನ್ಸಿನಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಪಡೆಯ ಸಿಪಾಯಿಯಾಗಿ. ಆಗ ಅವರಿಗೆ 28 ವರ್ಷ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ಪರದೇಶದ ಸೈನ್ಯಕ್ಕೆ ಸೇರಿ ಸತ್ತ ವಲಸಿಗನನ್ನು ನೆನೆಯುವಾಗ ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಹುಟ್ಟಿದೂರಿನವರು ನಮ್ಮ ವೀರ ಅಂತಾರೆ. ಸೇರಿಕೊಂಡ ಊರಿನವರು ನಮ್ಮಲ್ಲೊಬ್ಬ ಅಂತಾರೆ. ಆ ಪಟ್ಟಿ ಯಾಕೆ ಸಿಗಲಿಲ್ಲ ಅನ್ನುವ ಮಾತು ಮಾತ್ರ ಇಬ್ಬರ ಫಲಕದ ಮೇಲೂ ಬರೋದಿಲ್ಲ. ನನ್ನ ಪ್ರಕಾರ ಅದನ್ನು ಬಿಟ್ಟರೆ ಸೇನ್ ಅವರನ್ನು ನೆನೆದ ಹಾಗೇ ಆಗುವುದಿಲ್ಲ.

ಮೊದಲು ಆದದ್ದೇನು ನೋಡೋಣ.

ಸೇನ್ ಲೀಡ್ಸ್‌ಗೆ ಬಂದದ್ದು 1910ರಲ್ಲಿ, ಓದೋಕೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿತು 1913ರಲ್ಲಿ ಪದವಿ ಪಡೆದರು. ಪದವಿ ಆದಮೇಲೆ ಊರಿಗೆ ವಾಪಸ್ ಹೋಗಲಿಲ್ಲ. ಲೀಡ್ಸ್ ಪುರಸಭೆ ನಡೆಸುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು. ಅಂದರೆ ಆ ಊರಿನ ಬೀದಿದೀಪ ಉರಿಸುವ ಕೆಲಸದಲ್ಲಿದ್ದರು ಅನ್ನಿ. ಓದು, ಕೆಲಸ, ಸಂಬಳ, ಗೆಳೆಯರು, ಎಲ್ಲಾ ಅಲ್ಲೇ. ಇವತ್ತು ನಮ್ಮ ಬೆಂಗಳೂರು, ಮೈಸೂರು, ಧಾರವಾಡದ ಹುಡುಗರು ಹೊರದೇಶದಲ್ಲಿ ಎಂಎಸ್ ಮುಗಿಸಿ ಅಲ್ಲೇ ಕೆಲಸಕ್ಕೆ ನಿಲ್ಲುತ್ತಾರಲ್ವಾ, ಹಾಗೇ.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟನ್ನಿನ ಊರೂರಲ್ಲಿ ಹೊಸ ಪಡೆಗಳನ್ನು ಕಟ್ಟಿದರು. ಒಂದೇ ಊರಿನವರು, ಒಂದೇ ಕಚೇರಿಯವರು, ಒಂದೇ ಕ್ಲಬ್ಬಿನವರು ಒಟ್ಟಿಗೆ ಸೇರಿದರೆ ಒಟ್ಟಿಗೇ ಇರಬಹುದು ಅಂತ ಮಾತು ಕೊಟ್ಟು ಜನ ಸೇರಿಸಿದರು. ಅದಕ್ಕೇ ಇವುಗಳಿಗೆ ಪ್ಯಾಲ್ಸ್ ಪಡೆ, ಅಂದರೆ ಗೆಳೆಯರ ಪಡೆ, ಅನ್ನೋ ಹೆಸರು ಬಿತ್ತು. ಲೀಡ್ಸ್ ಪ್ಯಾಲ್ಸ್ ಅಂದರೆ ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್. ಅದು ಹುಟ್ಟಿದ್ದು ಸೆಪ್ಟೆಂಬರ್‌ನಲ್ಲಿ, ಸೇನ್ ಸೇರಿದ್ದೂ ಅದೇ ತಿಂಗಳು. ಗುಮಾಸ್ತರು, ಅಕೌಂಟೆಂಟ್‌ಗಳು, ವಿದ್ಯಾರ್ಥಿಗಳು, ಆಟಗಾರರು ತುಂಬಿದ್ದ ಆ ಪಡೆಯಲ್ಲಿ ಬಿಳಿಯರಲ್ಲದವರು ಇವರೊಬ್ಬರೇ ಇದ್ದ ಹಾಗೆ ಕಾಣುತ್ತದೆ. ಜೊತೆಯವರು ಜಾನ್ ಸೇನ್ ಅಂತ ಕರೆಯುತ್ತಿದ್ದರು.

ಹೀಗೆ ಸೇರಿಸಿಕೊಂಡದ್ದೇ ಆ ಕಾಲಕ್ಕೆ ದೊಡ್ಡ ಮಾತು. ಬ್ರಿಟನ್ನಿನಲ್ಲಿ ಓದುತ್ತಿದ್ದ ಭಾರತೀಯ ಹುಡುಗರಿಗೆ ಆಗ ತೆರೆದಿದ್ದ ದಾರಿ ಬಂದೂಕಿನದ್ದಲ್ಲ, ಗಾಯಾಳುಗಳ ಆರೈಕೆಯದ್ದು. ಅದೇ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದಿಂದ ಲಂಡನ್ನಿಗೆ ಬಂದಿಳಿದ ಗಾಂಧೀಜಿ ಕಟ್ಟಿದ್ದೂ ಆಂಬುಲೆನ್ಸ್ ತಂಡವನ್ನೇ. ಆಕ್ಸ್‌ಫರ್ಡ್‌ನಲ್ಲಿದ್ದ ಹರ್ದಿತ್ ಸಿಂಗ್ ಮಲಿಕ್ ಅವರು ಮೊದಲು ಫ್ರೆಂಚ್ ರೆಡ್‌ಕ್ರಾಸ್‌ನಲ್ಲಿ ಆಂಬುಲೆನ್ಸ್ ಓಡಿಸಿದರು, ಬ್ರಿಟಿಷ್ ವಾಯುಪಡೆ ಅವರನ್ನು ಪೈಲಟ್ ಆಗಿ ತೆಗೆದುಕೊಂಡದ್ದು 1917ರಲ್ಲಿ. ಭಾರತದ ಒಳಗಂತೂ ಬಂಗಾಳಿಗಳನ್ನು ಸೈನ್ಯದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಕೆಲವು ಜಾತಿ ಜನಾಂಗಗಳು ಮಾತ್ರ ಯುದ್ಧಕ್ಕೆ ಹುಟ್ಟಿದವರು, ಬಂಗಾಳಿ ಬಾಬುಗಳು ಪೆನ್ನು ಹಿಡಿಯೋಕಷ್ಟೇ ಲಾಯಕ್ಕು, ಇದು ಆಗಿನ ಸರ್ಕಾರದ ನಂಬಿಕೆ. ಬಂಗಾಳಿಗಳದ್ದೇ ಒಂದು ರೆಜಿಮೆಂಟ್, 49ನೇ ಬೆಂಗಾಲೀಸ್, ಆಗಿದ್ದು 1917ಕ್ಕೆ. ಸೇನ್ ಅದಕ್ಕಿಂತ ಮೂರು ವರ್ಷ ಮೊದಲೇ ಯಾರ್ಕ್‌ಶೈರ್ ಹುಡುಗರ ಜೊತೆ ಸಾಲಿನಲ್ಲಿ ನಿಂತಿದ್ದರು.

ಹಾಗಾದರೆ ಬಾಗಿಲು ತೆರೆದಿತ್ತಾ? ಅರ್ಧ ತೆರೆದಿತ್ತು. ಸಿಪಾಯಿಯಾಗಿ ಬಾ, ಮೇಲಕ್ಕೆ ಹೋಗಬೇಡ. ಬ್ರಿಟಿಷ್ ಸೈನ್ಯದಲ್ಲಿ ಆಫೀಸರ್ ಆಗುವುದಕ್ಕೆ ಕೊಡುತ್ತಿದ್ದ ಅರ್ಜಿಯಲ್ಲೇ ನೀನು ಶುದ್ಧ ಯುರೋಪಿಯನ್ ಮೂಲದವನಾ ಅಂತ ಪ್ರಶ್ನೆ ಇರುತ್ತಿತ್ತು. ಇದೇ ಲೀಡ್ಸ್ ಪಡೆಯಲ್ಲಿ ಮೇಜರ್ ಬೂತ್ ಅನ್ನೋ ಯಾರ್ಕ್‌ಶೈರ್ ಕ್ರಿಕೆಟಿಗ ಇದ್ದ, ಇಂಗ್ಲೆಂಡ್ ಪರ ಎರಡು ಟೆಸ್ಟ್ ಆಡಿದವನು. ಮೇಜರ್ ಅನ್ನೋದು ಅವನ ಹುದ್ದೆಯಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಅವನೂ ಸಾಮಾನ್ಯನಾಗಿ ಸೇರಿ ಮುಂದೆ ಸೆಕೆಂಡ್ ಲೆಫ್ಟಿನೆಂಟ್ ಆದ. ಅವನ ಯೋಗ್ಯತೆಯನ್ನು ನಾನು ಪ್ರಶ್ನೆ ಮಾಡುತ್ತಿಲ್ಲ, ಆತನೂ ಜುಲೈ 1ರಂದು ಅದೇ ನೆಲದಲ್ಲಿ ಸತ್ತ. ಆದರೆ ಒಂದೇ ಪಡೆಯಲ್ಲಿ ಒಬ್ಬನಿಗೆ ಮೆಟ್ಟಿಲು ಇತ್ತು, ಇನ್ನೊಬ್ಬನಿಗೆ ಗೋಡೆ ಇತ್ತು ಅನ್ನೋದು ನಿಜ.

ಇದು ನಮ್ಮ ಊಹೆಯಲ್ಲ. ಸೇನ್ ಜೊತೆ ಒಂದೇ ಬ್ಯಾರಕ್‌ನಲ್ಲಿದ್ದ ಆರ್ಥರ್ ಡಾಲ್ಬಿ ಅನ್ನುವವರು ಎಪ್ಪತ್ತು ವರ್ಷ ಆದಮೇಲೆ, 1980ರ ದಶಕದಲ್ಲಿ, ಹಣ್ಣುಹಣ್ಣು ಮುದುಕರಾಗಿದ್ದಾಗ ಇದನ್ನು ಹೇಳಿದ್ದಾರೆ. ಅವರು ಹೇಳಿದ್ದರ ಸಾರ ಇಷ್ಟು: ನಮ್ಮ ಬ್ಯಾರಕ್‌ನಲ್ಲಿ ಒಬ್ಬ ಹಿಂದೂ ಇದ್ದ, ಇಡೀ ಬೆಟಾಲಿಯನ್ನಿನಲ್ಲೇ ಅವನಷ್ಟು ಓದಿದವರು ಇರಲಿಲ್ಲ, ಏಳು ಭಾಷೆ ಮಾತಾಡುತ್ತಿದ್ದ, ಆದರೂ ಅವನಿಗೆ ಲ್ಯಾನ್ಸ್ ಕಾರ್ಪೊರಲ್ ಕೂಡ ಮಾಡಲಿಲ್ಲ, ಯಾಕಂದ್ರೆ ಆ ಕಾಲದಲ್ಲಿ ಕಪ್ಪು ಮೈಯವನು ಬಿಳಿಯನ ಮೇಲೆ ಇರೋದನ್ನು ಯಾರೂ ಒಪ್ಪುತ್ತಿರಲಿಲ್ಲ. ಯೋಚಿಸಿ ನೋಡಿ. ಎರಡು ಮಹಾಯುದ್ಧ, ಮದುವೆ, ಮಕ್ಕಳು, ಮೊಮ್ಮಕ್ಕಳು, ಇಷ್ಟೆಲ್ಲಾ ನಡೆದು ಹೋಗುವಷ್ಟು ಕಾಲ ಕಳೆದ ಮೇಲೂ ಒಬ್ಬ ಗೆಳೆಯನಿಗೆ ಆದ ಅನ್ಯಾಯ ಆ ಮನುಷ್ಯನ ತಲೆಯಲ್ಲಿ ಕೂತಿತ್ತು. ಯಾವ ಸರ್ಕಾರಿ ಕಡತವೂ ಕೊಡದ ಸಾಕ್ಷಿಯನ್ನು ಜೊತೆ ಮಲಗಿ ಎದ್ದ ಸಿಪಾಯಿ ಕೊಟ್ಟ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ.

ಯಾರ್ಕ್‌ಶೈರಿನ ಕೋಲ್‌ಸ್ಟರ್‌ಡೇಲ್ ಬೆಟ್ಟಗಳಲ್ಲಿ ತರಬೇತಿ ಮುಗಿಸಿ, 1915ರ ಡಿಸೆಂಬರ್‌ನಲ್ಲಿ ಪಡೆ ಈಜಿಪ್ಟಿಗೆ ಹೋಯಿತು. ಕೆಲಸ ಸೂಯೆಜ್ ಕಾಲುವೆ ಕಾಯುವುದು. ಇಲ್ಲಿ ನಮಗೂ ಒಂದು ನಂಟಿದೆ. ಅದೇ ಕಾಲುವೆಯ ಕಾವಲಿಗೆ ಮೈಸೂರು ಲ್ಯಾನ್ಸರ್ಸ್ ಕೂಡ ಹೋಗಿತ್ತು, ಮೈಸೂರು ಮಹಾರಾಜರ ಕುದುರೆ ಪಡೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಪಡೆಯ ಜೊತೆ ಕುದುರೆ ನುಗ್ಗಿಸಿದ್ದು ಇದೇ ಪಡೆ, ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅವರು ತಮ್ಮ ಮಹಾರಾಜರ ಬಾವುಟದ ಕೆಳಗೆ, ತಮ್ಮ ಭಾಷೆ ಆಡುವವರ ಜೊತೆಯಲ್ಲಿದ್ದರು. ಸೇನ್ ಅದೇ ಮರಳಿನ ದೇಶದಲ್ಲಿ ಯಾರ್ಕ್‌ಶೈರಿನವರ ನಡುವೆ ಒಬ್ಬರೇ.

1916ರ ಮಾರ್ಚ್‌ನಲ್ಲಿ ಲೀಡ್ಸ್ ಪಡೆ ಫ್ರಾನ್ಸಿಗೆ ಬಂತು. 1914ರ ಶರತ್ಕಾಲದಿಂದ ಫ್ರಾನ್ಸ್ ಬೆಲ್ಜಿಯಂ ಕಂದಕಗಳಲ್ಲಿ ಕಾದಾಡಿದ್ದ ಭಾರತದ ಕಾಲಾಳು ಪಡೆಗಳು 1915ರ ಕೊನೆಯಲ್ಲಿ ಅಲ್ಲಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಹೊರಟು ಹೋಗಿದ್ದವು. ಕುದುರೆ ಪಡೆಗಳಷ್ಟೇ ಉಳಿದಿದ್ದವು. ಹಾಗಾಗಿ ಸೇನ್ ಕಂದಕಕ್ಕೆ ಇಳಿಯುವ ಹೊತ್ತಿಗೆ ಅಲ್ಲಿ ಭಾರತದ ಕಾಲಾಳುಗಳೇ ಇರಲಿಲ್ಲ.

ಜಾಗ ಸೋಮ್ ಪ್ರಾಂತ್ಯದ ಕೊಲಿನ್‌ಕಾಂಪ್ಸ್ ಹತ್ತಿರ, ಎದುರಿಗೆ ಜರ್ಮನ್ನರ ಹಿಡಿತದಲ್ಲಿದ್ದ ಸೆರ್ ಹಳ್ಳಿ. ಮೇ 22ರ ರಾತ್ರಿ ಸೇನ್ ಮುಳ್ಳುತಂತಿ ಹಾಕುವ ತಂಡದಲ್ಲಿದ್ದರು. ಈ ಕೆಲಸ ಹೇಗಿರುತ್ತಿತ್ತು ಅಂತ ತಿಳಿದರೆ ಎದೆ ಝಲ್ಲೆನ್ನುತ್ತದೆ. ಕತ್ತಲಾದ ಮೇಲೆ ಕಂದಕದಿಂದ ಹೊರಗೆ ಬಯಲಿಗೆ ತೆವಳಿ ಬರಬೇಕು. ಗೂಟ ಹೊಡೆದರೆ ಸದ್ದಾಗುತ್ತದೆ ಅಂತ ತಿರುಪಿನ ಹಾಗೆ ನೆಲಕ್ಕೆ ತಿರುಗಿಸಿ ಕೂರಿಸುವ ಕಬ್ಬಿಣದ ಸರಳುಗಳು ಬಂದಿದ್ದವು. ಅವಕ್ಕೆ ಸುರುಳಿ ತಂತಿ ಬಿಡಿಸಿ ಬಿಡಿಸಿ ಸುತ್ತಬೇಕು. ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಎದುರಿನವರು ಬೆಳಕಿನ ಬಾಣ ಹಾರಿಸಿದರೆ ಕೈಯಲ್ಲಿ ಏನಿದೆಯೋ ಹಾಗೇ, ಅದು ಆರುವವರೆಗೂ ಕಲ್ಲಿನಂತೆ ನಿಲ್ಲಬೇಕು. ಆ ರಾತ್ರಿ ಜರ್ಮನ್ ಫಿರಂಗಿಗಳು ಜೋರಾಗಿ ಸಿಡಿದವು. ಶೆಲ್ಲಿನ ಚೂರು ಸೇನ್ ಅವರ ಕಾಲಿಗೆ ಬಡಿಯಿತು, ಆಮೇಲೆ ಕುತ್ತಿಗೆಗೆ.

ಅವರನ್ನು ಹೂತದ್ದು ಕೊಲಿನ್‌ಕಾಂಪ್ಸ್‌ನ ಸುಕ್ರರಿ ಮಿಲಿಟರಿ ಸ್ಮಶಾನದಲ್ಲಿ. ಈ ಯುದ್ಧದಲ್ಲಿ ಸತ್ತ ಮೊದಲ ಬಂಗಾಳಿ ಅಂತ ಅವರನ್ನು ಹೇಳುತ್ತಾರೆ. ಸರಿಯಾಗಿ ನಲವತ್ತು ದಿನಕ್ಕೆ, ಜುಲೈ 1ಕ್ಕೆ, ಸೋಮ್ ಕದನ ಶುರು. ಮೊದಲ ದಿನವೇ ಬ್ರಿಟಿಷ್ ಸೈನ್ಯದ 19,240 ಜನ ಸತ್ತರು. ಲೀಡ್ಸ್ ಪಡೆಯಲ್ಲೇ ಒಂದು ಬೆಳಿಗ್ಗೆ ಇನ್ನೂರಕ್ಕೂ ಜಾಸ್ತಿ ಜನ ಹೋದರು. ಇಡೀ ಊರು ಸೂತಕದಲ್ಲಿ ಮುಳುಗಿತು. ಅಷ್ಟು ದೊಡ್ಡ ದುಃಖದ ಕೆಳಗೆ ಮೇ ತಿಂಗಳಲ್ಲಿ ಹೋದ ಒಬ್ಬ ಬಂಗಾಳಿಯ ಸಾವು ಮುಚ್ಚಿಹೋಯಿತು ಅಂದ್ರೆ ಆಶ್ಚರ್ಯ ಏನಿಲ್ಲ.

ನೆನಪು ಎಲ್ಲಿತ್ತು

ಹಾಗಂತ ಯಾರೂ ಅವರನ್ನು ಪೂರ್ತಿ ಮರೆತಿರಲಿಲ್ಲ. ಇಲ್ಲೇ ಈ ಪ್ರಕರಣ ಬೇರೆಯವುಗಳಿಗಿಂತ ಭಿನ್ನ. ಫ್ರಾನ್ಸಿನಲ್ಲಿ ಹೆಸರು ಕೆತ್ತಿದ ಕಲ್ಲು ಇತ್ತು. ಲೀಡ್ಸ್ ವಿಶ್ವವಿದ್ಯಾಲಯದ ಯುದ್ಧ ಸ್ಮಾರಕದ ಮೇಲೆ ಜೆ.ಎನ್. ಸೇನ್ ಅಂತ ಇತ್ತು. ಚಂದನ್‌ನಗರದಲ್ಲಿ ಹೂಗ್ಲಿ ನದಿ ದಂಡೆಯ ಮ್ಯೂಸಿಯಂನಲ್ಲಿ, ಹಿಂದೆ ಫ್ರೆಂಚ್ ಗವರ್ನರ್ ಡೂಪ್ಲೆ ಹೆಸರಿನ ಬಂಗಲೆಯಲ್ಲಿ, ಅವರ ಕನ್ನಡಕ ಇತ್ತು. ತೆಳು ತಂತಿಯ ಕಟ್ಟಿನ ದುಂಡು ಗಾಜಿನ ಕನ್ನಡಕ, ಅದರ ಮೇಲೆ ರಕ್ತದ ಕಲೆ. ಸತ್ತ ಸಿಪಾಯಿಯ ವಸ್ತುಗಳನ್ನು ಮನೆಗೆ ಕಳಿಸುವುದು ಸೈನ್ಯದ ಪದ್ಧತಿ. ಹಾಗೆ ಬಂದವು ಮುಂದೆ ಮ್ಯೂಸಿಯಂ ಸೇರಿವೆ. ಅವುಗಳಲ್ಲಿ ಸಿಸ್ ಎಂದು ಸಹಿ ಹಾಕಿದ ಒಬ್ಬ ಹುಡುಗಿಯ ಪ್ರೀತಿಯ ನೆನಪೂ ಇದೆ. ಆ ಸಹಿಯ ಮುಂದೆ ನಿಂತು ಕಥೆ ಕಟ್ಟೋಕೆ ಯಾರಿಗಾದರೂ ಆಸೆಯಾಗುತ್ತದೆ. ನಾನು ಕಟ್ಟಲ್ಲ. ಅವರನ್ನು ಹಚ್ಚಿಕೊಂಡ ಒಂದು ಜೀವ ಇತ್ತು ಅನ್ನುವಷ್ಟು ಸಾಕು.

ಇನ್ನು ನಾಲ್ಕನೇ ತುಂಡು ಡಾಲ್ಬಿ ಅವರ ಮಾತು, ಅದು ಲೀಡ್ಸ್ ಪಡೆಯ ಇತಿಹಾಸ ಬರೆದವರ ಹತ್ತಿರ ಇತ್ತು. ಕಲ್ಲಿಗೆ ಕನ್ನಡಕದ ಸುದ್ದಿ ಗೊತ್ತಿಲ್ಲ, ಕನ್ನಡಕ ನೋಡಿದವರಿಗೆ ಡಾಲ್ಬಿ ಗೊತ್ತಿಲ್ಲ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿಯುವ ವಿದ್ಯಾರ್ಥಿಗಳಿಗೆ ಆ ಸೇನ್ ಯಾರು ಅಂತ ಕೇಳಬೇಕು ಅನ್ನಿಸಿಲ್ಲ. ದಶಕಗಳ ಕಾಲ ಹೀಗೇ.

2005ರಲ್ಲಿ ಸಂತನು ದಾಸ್ ಅನ್ನುವ ಸಂಶೋಧಕರು ಚಂದನ್‌ನಗರದ ಮ್ಯೂಸಿಯಂನಲ್ಲಿ ಈ ಕನ್ನಡಕ ನೋಡಿದರು. ಮೊದಲ ಮಹಾಯುದ್ಧದ ಭಾರತೀಯರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು ಅವರು. ಬರೆದ ಪತ್ರ, ಡೈರಿ ಸಿಗದ ಕಡೆ ಇಂಥ ವಸ್ತುಗಳೇ ಮಾತಾಡುತ್ತವೆ ಅನ್ನುವುದು ಅವರ ದಾರಿ. ಲೀಡ್ಸ್ ವಿಶ್ವವಿದ್ಯಾಲಯದ ಹೆಸರಿಗೂ ಚಂದನ್‌ನಗರದ ಗಾಜಿನ ಪೆಟ್ಟಿಗೆಗೂ ಆಮೇಲೆ ಗಂಟು ಬಿತ್ತು. ಯುದ್ಧದ ನೂರನೇ ವರ್ಷದ ಕಾರ್ಯಕ್ರಮಗಳು ನಡೆಯುತ್ತಿದ್ದ ಕಾಲ ಅದು, 2015ರ ಹೊತ್ತಿಗೆ ಬ್ರಿಟನ್ನಿನ ಸುದ್ದಿಮನೆಗಳೂ ಸೇನ್ ಕಥೆ ಹೇಳಿದವು. ಹೊಸದಾಗಿ ಏನನ್ನೂ ಅಗೆದು ತೆಗೆಯಲಿಲ್ಲ ನೋಡಿ. ಎಲ್ಲಾ ಇದ್ದಲ್ಲೇ ಇತ್ತು, ಜೋಡಿಸುವವರು ಬೇಕಿತ್ತು.

ಯಾಕೆ ಇಷ್ಟು ತಡ? ಹುಟ್ಟಿದ ಊರಿನ ಕಡೆಯಿಂದ ನೋಡಿದರೆ, ಸ್ವಾತಂತ್ರ್ಯದ ಹೋರಾಟ ಕಾವೇರಿದ ನಾಡಿನಲ್ಲಿ ಬ್ರಿಟಿಷ್ ರಾಜನ ಸಮವಸ್ತ್ರ ತೊಟ್ಟು ಸತ್ತವನನ್ನು ಎಲ್ಲಿ ಇಡೋದು ಅಂತ ಯಾರಿಗೂ ಗೊತ್ತಾಗಲಿಲ್ಲ. ಚಂದನ್‌ನಗರದ ಸ್ಥಿತಿ ಇನ್ನೂ ವಿಚಿತ್ರ, ಅದು 1950ರವರೆಗೂ ಫ್ರೆಂಚರ ಕೈಯಲ್ಲಿತ್ತು. ಸೇನ್ ಸತ್ತ 1916ರಲ್ಲೇ ಆ ಊರಿನ ಕೆಲವು ಬಂಗಾಳಿ ಹುಡುಗರು ಫ್ರೆಂಚ್ ಸೈನ್ಯ ಸೇರಿ ಹಡಗು ಹತ್ತಿದರು. ಇಂಗ್ಲೆಂಡಿನ ಕಡೆಯಿಂದ ನೋಡಿದರೆ, ಪ್ಯಾಲ್ಸ್ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುತ್ತಿದ್ದದ್ದು ಬಿಳಿ ಮುಖಗಳು. ಭಾರತೀಯ ಅಂದರೆ ಪೇಟ ಸುತ್ತಿದ ಪಂಜಾಬಿ. ಕನ್ನಡಕ ಹಾಕಿದ ಬಂಗಾಳಿ ಎಂಜಿನಿಯರ್ ಎರಡೂ ಚಿತ್ರದಲ್ಲಿ ಕೂರಲಿಲ್ಲ.

ಒಂದು ವಿಷಯದಲ್ಲಿ ಅವರಿಗೆ ನ್ಯಾಯ ಸಿಕ್ಕಿತು, ಅದನ್ನೂ ಹೇಳಬೇಕು. 1917ರಲ್ಲಿ ಶುರುವಾದ ಯುದ್ಧ ಸಮಾಧಿಗಳ ಆಯೋಗ ಆಫೀಸರ್ ಸಿಪಾಯಿ ಅನ್ನದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಅಂತ ನಿಯಮ ಮಾಡಿತು. ಸೇನ್ ಇಂಗ್ಲಿಷ್ ಪಡೆಯಲ್ಲಿದ್ದದ್ದಕ್ಕೆ ಆ ಕಲ್ಲು, ಆ ಹೆಸರು ಅವರಿಗೂ ಬಂತು. ಅದೇ ನಿಯಮ ಎಲ್ಲಾ ಕಡೆ ನಡೆಯಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಆಫೀಸರುಗಳ ಹೆಸರು ಕೆತ್ತಿದರು, ಸಿಪಾಯಿಗಳದ್ದು ಬರೀ ಲೆಕ್ಕ. 2021ರಲ್ಲಿ ಆಯೋಗವೇ ತನಿಖೆ ಮಾಡಿಸಿ ವರದಿ ಹೊರಗಿಟ್ಟಿತು: 45,000ದಿಂದ 54,000 ಜನರನ್ನು ಬೇರೆಯವರಿಗೆ ಸಮನಾಗಿ ಸ್ಮರಿಸಿಲ್ಲ, ಇದಲ್ಲದೆ ಕಡಿಮೆ ಅಂದರೂ 1,16,000 ಜನರ ಹೆಸರೇ ಎಲ್ಲೂ ಇಲ್ಲ, ಆ ಸಂಖ್ಯೆ 3,50,000 ಕೂಡ ಇರಬಹುದು. ಇವರಲ್ಲಿ ಹೆಚ್ಚಿನವರು ಆಫ್ರಿಕಾ, ಈಜಿಪ್ಟ್, ಭಾರತದವರು. ಆಯೋಗ ಕ್ಷಮೆ ಕೇಳಿತು. ಬದುಕಿದ್ದಾಗ ಸೇನ್ ಅವರಿಗೆ ಪಟ್ಟಿ ಕೊಡದ ಸಾಮ್ರಾಜ್ಯ ಸತ್ತ ಮೇಲೆ ಸಮನಾದ ಕಲ್ಲು ಕೊಟ್ಟಿತು. ಬೇರೆ ಲಕ್ಷಾಂತರ ಜನರಿಗೆ ಅದೂ ಇಲ್ಲ.

ಬದಲಾವಣೆ ಬರಲಿಲ್ಲವಾ ಅಂದರೆ, ಬಂತು. ತಡವಾಗಿ ಬಂತು. ಕಲ್ಕತ್ತದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಇಂದ್ರಲಾಲ್ ರಾಯ್ 1917ರಲ್ಲಿ ವಾಯುಪಡೆಯ ಆಫೀಸರ್ ಆದರು, 1918ರ ಜುಲೈನಲ್ಲಿ ಫ್ರಾನ್ಸಿನ ಆಕಾಶದಲ್ಲಿ ಸತ್ತರು. ಭೂಸೇನೆ ಕೂಡ 1917ರಿಂದ ಭಾರತೀಯರಿಗೆ ರಾಜನ ಕಮಿಷನ್, ಅಂದರೆ ಬ್ರಿಟಿಷರಿಗಿದ್ದಂಥ ಆಫೀಸರ್ ಹುದ್ದೆ, ಕೊಡೋಕೆ ಶುರು ಮಾಡಿತು. 1919ರಲ್ಲಿ ಇಂದೋರಿನ ತರಬೇತಿ ಶಾಲೆಯಿಂದ ಹೊರಬಂದ ತಂಡದಲ್ಲಿ ಕೊಡಗಿನ ಕಾರ್ಯಪ್ಪ ಅವರಿದ್ದರು, ಮುಂದೆ ನಮ್ಮ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು. ಸೇನ್ ಸತ್ತು ಮೂರೂವರೆ ವರ್ಷಕ್ಕೆ.

ಇದನ್ನು ಇವತ್ತಿನ ಒಂದು ಪ್ರಕರಣದ ಪಕ್ಕ ಇಟ್ಟು ನೋಡಬೇಕು. ಗ್ವಾಟೆಮಾಲಾದಲ್ಲಿ ಅನಾಥನಾಗಿ ಬೀದಿಯಲ್ಲಿ ಬೆಳೆದು ಅಮೆರಿಕ ಸೇರಿದ ಹೊಸೆ ಆಂಟೋನಿಯೊ ಗುಟಿಯೆರೆಸ್ 2003ರ ಮಾರ್ಚ್ 21ರಂದು ಇರಾಕಿನ ಉಮ್ ಕಸರ್ ಹತ್ತಿರ ಸತ್ತ. ಆ ಯುದ್ಧದಲ್ಲಿ ಸತ್ತ ಅಮೆರಿಕದ ಮೊದಲ ಕೆಲವರಲ್ಲಿ ಅವನೊಬ್ಬ. ಅವನ ಹುದ್ದೆ ಏನು ಗೊತ್ತಾ, ಲ್ಯಾನ್ಸ್ ಕಾರ್ಪೊರಲ್. ಸೇನ್ ಅವರಿಗೆ ಸಿಗದ ಬಡ್ತಿ ಅವನಿಗೆ ಸಿಕ್ಕಿತ್ತು, ಆದರೆ ಪೌರತ್ವ ಸಿಕ್ಕಿದ್ದು ಸತ್ತ ಮೇಲೆ. ಸೇನ್ ಕಾಲದಲ್ಲಿ ಬಣ್ಣ, ಇವನ ಕಾಲದಲ್ಲಿ ಕಾಗದಪತ್ರ. ಎರಡರಲ್ಲೂ ದೇಶ ಜೀವ ತೆಗೆದುಕೊಳ್ಳೋವಾಗ ಏನನ್ನೂ ಕೇಳಲಿಲ್ಲ.

ಅವರು ಬ್ರಿಟಿಷರಿಗಾಗಿ ಯಾಕೆ ಹೋಗಬೇಕಿತ್ತು ಅಂತ ಕೇಳುವವರು ನಮ್ಮಲ್ಲಿ ತುಂಬಾ ಜನ. ಸೇನ್ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಈಗ ಕೂತು ತೀರ್ಪು ಕೊಡೋದು ಬೇಡ. ಸಾಮ್ರಾಜ್ಯದ ಮೇಲಿನ ನಿಷ್ಠೆ ಅಂತ ಒಂದೇ ಮಾತಿನಲ್ಲಿ ಮುಗಿಸುವುದೂ ಬೇಡ. ನಾಲ್ಕು ವರ್ಷ ಬಾಳಿದ ಊರಿನ ಹುಡುಗರೆಲ್ಲಾ ಸಾಲಾಗಿ ಹೊರಟಾಗ ತಾನೂ ಹೊರಟ ಮನುಷ್ಯ ಅವರು. ಆ ಊರು ಅವರನ್ನು ಸೇರಿಸಿಕೊಂಡಿತು, ಸೇರಿಸಿಕೊಂಡೂ ಕೆಳಗೇ ಇಟ್ಟಿತು. ಫಲಕದ ಮೇಲೆ ಬರೆಯುವುದಾದರೆ ಎಂಜಿನಿಯರ್ ಅಂತ ಬರೆಯಲಿ, ಲೀಡ್ಸ್ ಪಡೆಯವರು ಅಂತ ಬರೆಯಲಿ, ಬಣ್ಣದ ಕಾರಣಕ್ಕೆ ಬಡ್ತಿ ಕೊಡಲಿಲ್ಲ ಅಂತಲೂ ಬರೆಯಲಿ. ಹೀಗೆ ಬರೆದರೆ ಗೌರವ ಕಡಿಮೆಯಾಗುತ್ತೆ ಅನ್ನುವವರ ಮಾತನ್ನು ನಾನು ಒಪ್ಪಲ್ಲ. ಅವರ ಜೊತೆಗಾರ ಡಾಲ್ಬಿ ಹಾಗೆ ಅಂದುಕೊಳ್ಳಲಿಲ್ಲವಲ್ಲ.

ನಮ್ಮ ಮನೆಗಳಲ್ಲಿ

ಕಡೆಯದಾಗಿ ಒಂದು ಉಪಯೋಗದ ಮಾತು. ಮೊದಲ ಮಹಾಯುದ್ಧಕ್ಕೆ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಹೋದರು, ಸುಮಾರು 74,000 ಜನ ಸತ್ತರು. ಮೈಸೂರು ಲ್ಯಾನ್ಸರ್ಸ್ ಇರಲಿ, ಬೆಂಗಳೂರಿನಲ್ಲೇ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಇರಲಿ, ನಮ್ಮ ಕಡೆಯ ಮನೆಗಳಲ್ಲಿ ಮುತ್ತಜ್ಜನ ಪದಕ ಟ್ರಂಕಿನ ತಳದಲ್ಲಿ ಈಗಲೂ ಇರುತ್ತದೆ. ಆ ಕಾಲದ ಪದಕದ ಅಂಚಿನ ಮೇಲೆ ಸುತ್ತಲೂ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು, ಪಡೆಯ ಹೆಸರು ಒತ್ತಿರುತ್ತಾರೆ. ಸತ್ತವರದ್ದಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಇಂಗ್ಲಿಷ್ ಅಧಿಕಾರಿಗಳು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ, ಆದ್ದರಿಂದ ಒಂದೇ ಹೆಸರನ್ನು ನಾಲ್ಕೈದು ಥರ ಟೈಪ್ ಮಾಡಿ ನೋಡಬೇಕು. ಮೈಸೂರು ಸಂಸ್ಥಾನದ ಪಡೆಯವರಾದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲೂ ಕೇಳಿ. ಪದಕವನ್ನು ಹುಣಸೆಹಣ್ಣು ಹಾಕಿ ಉಜ್ಜೋಕೆ ಮಾತ್ರ ಹೋಗಬೇಡಿ, ಅಂಚಿನ ಅಕ್ಷರ ಸವೆದು ಹೋಗುತ್ತದೆ. ಮೊದಲು ಅಂಚಿನ ಫೋಟೊ ತೆಗೆದುಕೊಳ್ಳಿ, ಮನೆಯ ಹಿರಿಯರ ಹತ್ತಿರ ಆ ಮನುಷ್ಯನ ಬಗ್ಗೆ ಗೊತ್ತಿದ್ದನ್ನೆಲ್ಲಾ ಕೇಳಿ ಬರೆದುಕೊಳ್ಳಿ, ಹೇಳೋಕೆ ಹಿಂಜರಿಯುವ ಸಂಗತಿಯನ್ನೂ ಸೇರಿಸಿ, ಆಮೇಲೆ ಹುಡುಕಾಟ ಶುರು ಮಾಡಿ.